ದೂರದ ದಾರಿಯೂ ಮಧುಮೇಹವೂ

ಗಡಿನಾಡಾದ ಬೀದರ ಜಿಲ್ಲೆಗೆ, ಅದರಲ್ಲಿಯೂ ಉದಗೀರದ ಸೀಮೆಗೆ ಹೊಂದಿಕೊಂಡಿರುವ ಕಮಲನಗರದ ಪರಿಸರಕ್ಕೆ, ಕಾಲ್ನಡಿಗೆಯ ದೂರಪಯಣವು ಹೊಸತಲ್ಲ. ಆಷಾಢವು ಸಮೀಪಿಸಿತೆಂದರೆ ಈ ಭಾಗದಿಂದ ಪಂಢರಪುರದ ಕಡೆಗೆ ದಿಂಡಿಗಳು ಹೊರಡುತ್ತವೆ. ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಕಂಬಿಗಳನ್ನು ಹೊತ್ತ ಭಕ್ತರು ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರಿನ ಬಳಿಯ ವೆಂಕಟಾಪುರದಲ್ಲಿ ಊರ ದಾರಿಯನ್ನು ಬಿಟ್ಟು ನಲ್ಲಮಲದ ಅರಣ್ಯವನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರಗಳ ಮೂಲಕ ಗಿರಿಯನ್ನು ಸೇರುವ ಆ ಕಲ್ಲುಮುಳ್ಳಿನ ಹಾದಿಯನ್ನು ವರ್ಷವರ್ಷವೂ ಲಕ್ಷಾಂತರ ಜನರು ತುಳಿಯುತ್ತಾರೆ. ಇತ್ತೀಚಿನ ದಶಕಗಳಲ್ಲಿ ಇದರ ಜೊತೆಗೆ ಇನ್ನೊಂದು ಬಗೆಯ ದೂರಪಯಣವೂ ನಾಡಿನಲ್ಲಿ ಕಾಲೂರಿದೆ. ಡಾಂಬರು ರಸ್ತೆಯನ್ನು ಬಿಟ್ಟು ಕಾಡುಮೇಡುಗಳ ಕಾಲುದಾರಿಯಲ್ಲಿ ಹತ್ತಾರು ಕಿಲೋಮೀಟರ್ ಓಡುವ ಕ್ರೀಡೆಯೇ ಅದು. ಚಿಕ್ಕಮಗಳೂರು ಸೀಮೆಯ ಕಾಫಿ ತೋಟಗಳ ನಡುವೆ 2016ರಲ್ಲಿ ಆರಂಭವಾದ ಮಲ್ನಾಡ್ ಅಲ್ಟ್ರಾ ಓಟದಲ್ಲಿ 50, 80 ಮತ್ತು 110 ಕಿಲೋಮೀಟರುಗಳ ಓಟಗಳು ನಡೆದುಬಂದಿವೆ. ಒಂದು ಹರಕೆಯ ನಡಿಗೆ, ಇನ್ನೊಂದು ಹವ್ಯಾಸದ ಓಟ. ಉದ್ದೇಶ ಬೇರೆಯಾದರೂ ಮೈಯೊಳಗೆ ನಡೆಯುವ ವ್ಯಾಪಾರ ಒಂದೇ ಆದುದರಿಂದ ಇಲ್ಲಿ ಎರಡನ್ನೂ ಒಟ್ಟಿಗೆ ಪರಿಶೀಲಿಸಬಹುದಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಮಧುಮೇಹಿಗಳಿರುವರೆಂದೂ, ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಲ್ಲಿರುವರೆಂದೂ ಅಂದಾಜು ಮಾಡಿತು. ಹೀಗಿರುವಾಗ ನಡುವಯಸ್ಸಿನವರ ಯಾವ ಯಾತ್ರಾ ತಂಡವನ್ನು ತೆಗೆದುಕೊಂಡರೂ ಅದರಲ್ಲಿ ಸಕ್ಕರೆ ರೋಗವುಳ್ಳವರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಅಂಥವರು ಹೊರಡಲು ಸಿದ್ಧರಾದಾಗ ಮನೆಯಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. "ಶುಗರ್ ಇದ್ದವರಿಗೆ ಇದೆಲ್ಲ ಯಾಕೆ, ಕುಳಿತಲ್ಲಿಯೇ ನೆನೆದರೆ ಸಾಕು" ಎಂಬುದು ಒಂದು. "ನಡೆದರೆ ಸಕ್ಕರೆ ತಾನಾಗಿಯೇ ಇಳಿಯುತ್ತದೆ, ಗುಳಿಗೆ ಸೂಜಿಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗು" ಎಂಬುದು ಇನ್ನೊಂದು. ಮೊದಲನೆಯದು ರೋಗಿಯ ಆಯುಷ್ಯಕ್ಕೆ ಬೇಕಾದ ಪರಿಶ್ರಮವನ್ನೇ ಕಸಿದುಕೊಳ್ಳುತ್ತದೆ. ಎರಡನೆಯದು ಕೆಲವರ ಪಾಲಿಗೆ ಪ್ರಾಣಾಂತಿಕವೂ ಆಗಬಲ್ಲುದು. ಮಧುಮೇಹಿಯು ದೂರದ ದಾರಿಯನ್ನು ನಡೆಯಬಲ್ಲನು, ಓಡಲೂ ಬಲ್ಲನು. ಆದರೆ ಆರೋಗ್ಯವಂತನ ದೇಹವು ತಾನಾಗಿಯೇ ಮಾಡಿಕೊಳ್ಳುವ ಲೆಕ್ಕವನ್ನು ಅವನು ತನ್ನ ಬುದ್ಧಿಯಿಂದ, ಗಳಿಗೆಗಳಿಗೆಗೂ ಮಾಡಬೇಕಾಗುತ್ತದೆ. ಆ ಲೆಕ್ಕವೇನೆಂಬುದೇ ಇಲ್ಲಿಯ ವಿಷಯ.

ನಡಿಗೆಯನ್ನು ಈ ರೋಗಕ್ಕೆ ಮದ್ದೆಂದು ಹೇಳಿದವರಲ್ಲಿ ನಮ್ಮವರೇ ಬಹು ಮುಂಚಿನವರು. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹದ ಪ್ರಸಂಗ ಬಂದಾಗ, ಹಣವೂ ಬಂಧುಗಳೂ ಇಲ್ಲದ ರೋಗಿಯು ಮುನಿಯಂತೆ ಸಂಯಮದಿಂದ, ಭಿಕ್ಷಾನ್ನವನ್ನುಂಡು, ಒಂದೊಂದು ಊರಿನಲ್ಲಿ ಒಂದೊಂದೇ ರಾತ್ರಿ ತಂಗುತ್ತ ನೂರು ಯೋಜನ ಅಥವಾ ಅದಕ್ಕೂ ಹೆಚ್ಚು ದೂರ ನಡೆಯಬೇಕೆಂದು ವಿಧಿಸಲಾಗಿದೆ. ನೇಗಿಲು ಹಿಡಿದು ಉಳಬೇಕು, ಬಾವಿಯನ್ನು ತೋಡಬೇಕು ಎಂಬ ವಿಧಿಗಳೂ ಅಲ್ಲಿಯೇ ಇವೆ. ಯೋಜನದ ಅಳತೆ ಕಾಲಕಾಲಕ್ಕೆ ಬೇರೆಯಾಗಿದ್ದರೂ, ಎಷ್ಟೇ ಕಡಿಮೆ ಹಿಡಿದರೂ ಅದು ನೂರಾರು ಮೈಲಿಗಳ ಮಾತು. ಮದ್ದಿಗೆ ದುಡ್ಡಿಲ್ಲದವನಿಗೆ ದಾರಿಯನ್ನೇ ಮದ್ದಾಗಿ ಕೊಟ್ಟ ಆ ವೈದ್ಯನ ದೃಷ್ಟಿ ಮೆಚ್ಚತಕ್ಕದ್ದು. ಆದರೆ ಅದೇ ವಿಧಿಯಲ್ಲಿ, ರೋಗಿಯು ಪಾದರಕ್ಷೆಯೂ ಕೊಡೆಯೂ ಇಲ್ಲದೆ ನಡೆಯಬೇಕೆಂಬ ಮಾತೂ ಸೇರಿದೆ. ಇಂದಿನ ವೈದ್ಯಶಾಸ್ತ್ರವು ನಡೆಯಬೇಕೆಂಬುದನ್ನು ಪೂರ್ಣವಾಗಿ ಒಪ್ಪಿ, ಬರಿಗಾಲಿನಲ್ಲಿ ನಡೆಯಬೇಕೆಂಬುದನ್ನು ಪೂರ್ಣವಾಗಿ ತಳ್ಳಿಹಾಕುತ್ತದೆ. ಅದರ ಕಾರಣವನ್ನು ಮುಂದೆ ಪಾದದ ವಿಚಾರದಲ್ಲಿ ನೋಡೋಣ.

1921ರ ಬೇಸಗೆಯಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ರಸದ ಶೋಧಕ್ಕೆ ತೊಡಗಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಲಾಯಿತು. ಅದಕ್ಕೆ ಮುಂಚೆ ಬಾಲಕರ ಮಧುಮೇಹವೆಂದರೆ ಮರಣವೇ ಆಗಿತ್ತು. ಪ್ರಾಣವುಳಿಸಿದ ಈ ರಸವೇ ಹೆಚ್ಚಾದಾಗ ರೋಗಿಯು ಬೆವರಿ, ನಡುಗಿ, ಮಂಕಾಗಿ, ಕಡೆಗೆ ಸ್ಮೃತಿ ತಪ್ಪುವನೆಂಬುದೂ ಬೇಗನೆ ತಿಳಿದುಬಂದಿತು. ಇಲ್ಲಿ ಒಂದು ಕುತೂಹಲದ ಸಂಗತಿಯುಂಟು. 1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಟ ಮುಗಿಸಿದವರ ರಕ್ತವನ್ನು ಲೆವಿನ್ ಮೊದಲಾದ ವೈದ್ಯರು ಪರೀಕ್ಷಿಸಿದರು. ಓಟಗಾರರು ಮಧುಮೇಹಿಗಳಲ್ಲ, ಗಟ್ಟಿಮುಟ್ಟಾದ ಆಳುಗಳು. ಆದರೂ ಬಿಳಿಚಿ ಬಸವಳಿದು ಕುಸಿದವರ ರಕ್ತದಲ್ಲಿ ಸಕ್ಕರೆಯ ಅಂಶ ಬಹಳ ಇಳಿದಿತ್ತು, ಅವರ ಸ್ಥಿತಿಯು ಇನ್ಸುಲಿನ್ ಹೆಚ್ಚಾದವರ ಸ್ಥಿತಿಯನ್ನೇ ಹೋಲುತ್ತಿತ್ತು. ಮರುವರ್ಷ, ಎಂದರೆ 1925ರಲ್ಲಿ, ಓಟಕ್ಕೆ ಮುಂಚೆ ಅವರಿಗೆ ಪಿಷ್ಟಯುಕ್ತ ಆಹಾರವನ್ನು ಉಣಿಸಿ, ಓಟದ ನಡುವೆ ಮಿಠಾಯಿಯನ್ನು ತಿನ್ನಿಸಲಾಯಿತು. ಕುಸಿತವು ತಪ್ಪಿತು. ದೂರದ ಓಟಗಾರನು ದಾರಿಯಲ್ಲಿ ತಿನ್ನಬೇಕೆಂಬ ಇಂದಿನ ರೂಢಿಗೆ ಮೂಲವು ಇಲ್ಲಿದೆ.

ಅದರ ಮುಂದಿನ ವರ್ಷ, 1926ರಲ್ಲಿ, ಇಂಗ್ಲೆಂಡಿನ ಆರ್. ಡಿ. ಲಾರೆನ್ಸ್ ಎಂಬ ವೈದ್ಯನು ಶರೀರಶ್ರಮವು ಇನ್ಸುಲಿನ್ನಿನ ಪರಿಣಾಮವನ್ನು ಹೆಚ್ಚಿಸುತ್ತದೆಂದು ಬರೆದು ಪ್ರಕಟಿಸಿದನು. ಲಾರೆನ್ಸನು ಸ್ವತಃ ಮಧುಮೇಹಿ, 1923ರಲ್ಲಿ ಸಾವಿನ ಅಂಚಿಗೆ ಹೋಗಿ ಇನ್ಸುಲಿನ್ನಿನಿಂದ ಬದುಕಿದವನು. ಹೀಗೆ ಮೂರು ವರ್ಷಗಳ ಅವಧಿಯಲ್ಲಿ ನಮ್ಮ ವಿಷಯದ ಎರಡು ತಳಹದಿಗಳು ಸಿದ್ಧವಾದುವು: ದೀರ್ಘಶ್ರಮವು ಯಾರಲ್ಲಿಯೂ ಸಕ್ಕರೆಯನ್ನು ಬರಿದುಮಾಡಬಲ್ಲುದು, ಚುಚ್ಚಿಕೊಂಡ ಇನ್ಸುಲಿನ್ನೂ ಶ್ರಮವೂ ಒಂದುಗೂಡಿದರೆ ಅದು ಇನ್ನೂ ವೇಗವಾಗಿ ಬರಿದಾಗುತ್ತದೆ.

ಹೀಗಾಗುವುದಕ್ಕೆ ಕಾರಣವೇನು? ಪ್ರೌಢ ಮನುಷ್ಯನ ಒಟ್ಟು ರಕ್ತದಲ್ಲಿ ಯಾವ ಗಳಿಗೆಯಲ್ಲಿಯಾದರೂ ಇರುವ ಸಕ್ಕರೆಯು ಸುಮಾರು 5 ಗ್ರಾಂ, ಎಂದರೆ ಒಂದು ಚಹದ ಚಮಚೆಯಷ್ಟು ಮಾತ್ರ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಟ್ಟು ಸಕ್ಕರೆಯು ಗ್ಲೈಕೋಜನ್ ರೂಪದಲ್ಲಿ ಹಗೇವಿನೊಳಗಿನ ಜೋಳದಂತೆ ಕೂಡಿಟ್ಟಿರುತ್ತದೆ. ನಡೆಯುವಾಗ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಆರೋಗ್ಯವಂತನಲ್ಲಿ ಆ ಕ್ಷಣವೇ ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ತಗ್ಗಿಸುತ್ತದೆ, ಯಕೃತ್ತು ತನ್ನ ಹಗೇವನ್ನು ತೆರೆಯುತ್ತದೆ, ಚಮಚೆಯು ತುಂಬಿಕೊಂಡೇ ಇರುತ್ತದೆ. ಸೂಜಿಯಿಂದ ಚುಚ್ಚಿಕೊಂಡ ಇನ್ಸುಲಿನ್ನನ್ನಾದರೋ ಹಿಂದಕ್ಕೆ ಕರೆಯುವಂತಿಲ್ಲ. ಚರ್ಮದಡಿಯಲ್ಲಿ ಕುಳಿತ ಅದು ಮೈ ಕಾದಂತೆ ಇನ್ನೂ ಬೇಗನೆ ರಕ್ತಕ್ಕೆ ಇಳಿಯುತ್ತದೆ. ತೊಡೆಗೆ ಚುಚ್ಚಿಕೊಂಡು ಕೂಡಲೇ ನಡೆಯತೊಡಗಿದರಂತೂ ಹೇಳಬೇಕಾಗಿಲ್ಲ. ಅದು ಯಕೃತ್ತಿನ ಹಗೇವಿಗೆ ಬೀಗವನ್ನೂ ಹಾಕಿರುತ್ತದೆ. ಖರ್ಚು ಇಮ್ಮಡಿ, ಆದಾಯವಿಲ್ಲ. ದಾರಿಯಲ್ಲಿ ಮಧುಮೇಹಿಯು ಕುಸಿಯುವುದು ಹೀಗೆ.

ಎಲ್ಲ ಮಧುಮೇಹಿಗಳಿಗೂ ಈ ಅಪಾಯವು ಸಮಾನವಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಪಥ್ಯದಿಂದಲೋ, ಮೆಟ್‌ಫಾರ್ಮಿನ್ ಒಂದರಿಂದಲೋ ರೋಗವನ್ನು ಹಿಡಿತದಲ್ಲಿಟ್ಟವರಿಗೆ ಸಕ್ಕರೆ ಅತಿಯಾಗಿ ಇಳಿಯುವ ಭಯ ಬಹಳ ಕಡಿಮೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯ ಗುಳಿಗೆಗಳನ್ನು ನುಂಗುವವರಿಗೆ ಆ ಭಯವುಂಟು, ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇನ್ನೂ ಹೆಚ್ಚು. ತೊಡಕೇನೆಂದರೆ, ನಮ್ಮಲ್ಲಿ ಮೆಟ್‌ಫಾರ್ಮಿನ್ನನ್ನೂ ಗ್ಲಿಮೆಪಿರೈಡನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಕೊಡುವುದು ಸಾಮಾನ್ಯ. ನುಂಗುವವರಿಗೆ ಅದು "ಶುಗರ್ ಗುಳಿಗೆ" ಎಂಬಷ್ಟೇ ಗೊತ್ತು. ಹೊರಡುವ ಮುನ್ನ ಆ ಚೀಟಿಯನ್ನು ಓದಿಸಿಕೊಳ್ಳುವುದು ಬುತ್ತಿ ಕಟ್ಟುವುದಕ್ಕಿಂತ ಮೊದಲಿನ ಕೆಲಸ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಈಚಿನ ಗುಳಿಗೆಗಳು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಬಿಸಿಲಿನಲ್ಲಿ, ಉಪವಾಸದಲ್ಲಿ ದಿನಗಟ್ಟಲೆ ನಡೆಯುವವನಲ್ಲಿ ಅವು ನೀರಿನ ಕೊರತೆಯನ್ನೂ, ಅಪರೂಪಕ್ಕೆ ಕೀಟೋನ್ ವಿಷವನ್ನೂ ಉಂಟುಮಾಡಬಹುದಾದುದರಿಂದ, ಯಾತ್ರೆಯ ದಿನಗಳಲ್ಲಿ ಅವುಗಳನ್ನು ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ಇನ್ನು ಬಾಲ್ಯದಲ್ಲಿಯೇ ತೋರುವ ಒಂದನೆಯ ಬಗೆಯ ಮಧುಮೇಹ. ಅಲ್ಲಿ ದೇಹವು ಇನ್ಸುಲಿನ್ನನ್ನು ತಯಾರಿಸುವುದನ್ನೇ ಬಿಟ್ಟಿರುತ್ತದೆ. ಇಂಥವರು ನಡಿಗೆಯ ನೆಪದಲ್ಲಿಯೋ ಹರಕೆಯ ನೆಪದಲ್ಲಿಯೋ ಇನ್ಸುಲಿನ್ನನ್ನು ಪೂರ್ತಿಯಾಗಿ ನಿಲ್ಲಿಸಿದರೆ ಸಕ್ಕರೆ ಇಳಿಯುವುದಿಲ್ಲ, ಏರುತ್ತದೆ. ಉರಿಸಲು ಸಕ್ಕರೆಯಿದ್ದೂ ಕೈಗೆ ಸಿಗದೆ ದೇಹವು ಕೊಬ್ಬನ್ನು ಕರಗಿಸುತ್ತದೆ, ಕೀಟೋನ್ ಆಮ್ಲಗಳು ರಕ್ತದಲ್ಲಿ ತುಂಬುತ್ತವೆ. ವಾಂತಿ, ಹೊಟ್ಟೆನೋವು, ಏದುಸಿರು, ಮಂಪರುಗಳಿಂದ ಆರಂಭವಾಗಿ ಒಂದೆರಡು ದಿನಗಳಲ್ಲಿಯೇ ಪ್ರಾಣಕ್ಕೆ ಎರವಾಗುತ್ತದೆ. ಕಡಿಮೆ ಮಾಡುವುದು ಬೇರೆ, ನಿಲ್ಲಿಸುವುದು ಬೇರೆ. ಒಂದನೆಯ ಬಗೆಯವರಿಗೆ ಇನ್ಸುಲಿನ್ ಔಷಧವಲ್ಲ, ಅನ್ನ ನೀರುಗಳಂತೆ ಜೀವಾಧಾರ.

ಹಾಗೆಂದು ಅವರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಬ್ರಿಟನ್ನಿನ ದೋಣಿಪಟು ಸ್ಟೀವ್ ರೆಡ್‌ಗ್ರೇವ್‌ಗೆ ಮಧುಮೇಹವಿರುವುದು 1997ರಲ್ಲಿ ತಿಳಿಯಿತು. ಇನ್ಸುಲಿನ್ ಚುಚ್ಚಿಕೊಳ್ಳುತ್ತಲೇ ಅವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ತಮ್ಮ ಸತತ ಐದನೆಯ ಕ್ರೀಡಾಕೂಟದ ಸ್ವರ್ಣವನ್ನು ಗೆದ್ದರು. 2013ರಿಂದ ಕಣಕ್ಕಿಳಿದ ನೋವೊ ನಾರ್ಡಿಸ್ಕ್ ಸೈಕಲ್ ತಂಡದಲ್ಲಿ ಸವಾರರೆಲ್ಲರೂ ಒಂದನೆಯ ಬಗೆಯ ಮಧುಮೇಹಿಗಳೇ. ಇವರ ಸಾಧನೆಯ ಹಿಂದೆ ವೈದ್ಯರೂ ಸಲಕರಣೆಗಳೂ ಬೇಕಾದಷ್ಟಿದ್ದುವೆಂಬುದು ನಿಜ. ಆದರೆ ಅವರು ಪಾಲಿಸಿದ ಲೆಕ್ಕದ ಸೂತ್ರಗಳು ಕಮಲನಗರದ ಹೊಲದ ಬದುವಿನ ಮೇಲೆಯೂ ಅವೇ.

ಆ ಸೂತ್ರಗಳನ್ನು 2017ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಒಮ್ಮತದಿಂದ ಪ್ರಕಟಿಸಿದರು. ಅವುಗಳ ಸಾರವಿಷ್ಟು: ಹೊರಡುವ ಮುನ್ನ ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿದಾಗ ಸಕ್ಕರೆಯು 126ರಿಂದ 180ರ ನಡುವೆ ಇದ್ದರೆ ಉತ್ತಮ. 90ಕ್ಕಿಂತ ಕಡಿಮೆಯಿದ್ದರೆ ಮೊದಲು 10ರಿಂದ 20 ಗ್ರಾಂ ಸಕ್ಕರೆ ತಿಂದು, ಏರಿದ ಮೇಲೆ ಹೊರಡಬೇಕು. 270ನ್ನು ಮೀರಿದ್ದು ಅದಕ್ಕೆ ತಕ್ಕ ಊಟದ ಕಾರಣವೂ ಕಾಣದಿದ್ದರೆ ಕೀಟೋನನ್ನು ಪರೀಕ್ಷಿಸಬೇಕು. ಅದು ಹೆಚ್ಚಿದ್ದರೆ ನಡಿಗೆಯ ಮಾತು ಬಿಟ್ಟು ಚಿಕಿತ್ಸೆಯ ಕಡೆಗೆ ತಿರುಗಬೇಕು. ಹಿಂದಿನ 24 ಗಂಟೆಗಳಲ್ಲಿ ಸಕ್ಕರೆ ಇಳಿದು ಪರರ ನೆರವು ಬೇಕಾಗಿದ್ದವನು ಅಂದು ಹೊರಡಲೇಬಾರದು. ದೀರ್ಘಶ್ರಮದ ವೇಳೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಸಕ್ಕರೆಗಳು ಬೇಕಾಗಬಹುದು. ನಡಿಗೆಗೆ ಮುಂಚಿನ ಊಟದ ಇನ್ಸುಲಿನ್ನನ್ನು ಶ್ರಮದ ತೀವ್ರತೆಗೆ ತಕ್ಕಂತೆ ಕಾಲು ಪಾಲಿನಿಂದ ಮುಕ್ಕಾಲು ಪಾಲಿನವರೆಗೂ ತಗ್ಗಿಸುವುದುಂಟು. ಆದರೆ ಆ ತಗ್ಗಿಸುವಿಕೆಯನ್ನು ವೈದ್ಯರೊಡನೆ ಗೊತ್ತುಮಾಡಿಕೊಂಡು, ಮೊದಲು ಊರಿನ ಸಮೀಪದ ಚಿಕ್ಕ ನಡಿಗೆಗಳಲ್ಲಿ ಪರೀಕ್ಷಿಸಿ ನೋಡಬೇಕು. ಯಾತ್ರೆಯ ದಿನವೇ ಹೊಸ ಪ್ರಯೋಗವು ಸಲ್ಲದು.

ಈ ಸೂತ್ರಗಳು ನಮ್ಮ ಭಾಗದಲ್ಲಿ ಒಂದು ತೊಡಕನ್ನು ಎದುರಿಸುತ್ತವೆ. ಇಲ್ಲಿ ಅನೇಕರು ಚುಚ್ಚಿಕೊಳ್ಳುವುದು ಬೆಳಿಗ್ಗೆ ಸಂಜೆ ಎರಡು ಹೊತ್ತಿನ ಮಿಶ್ರ ಇನ್ಸುಲಿನ್. ಅದರ 30 ಭಾಗ ಬೇಗನೆ, 70 ಭಾಗ ನಿಧಾನವಾಗಿ ಕೆಲಸ ಮಾಡುತ್ತದೆ. ಬೆಳಗಿನ ಏಳಕ್ಕೆ ಚುಚ್ಚಿಕೊಂಡದ್ದರ ನಿಧಾನದ ಪಾಲು ಮಧ್ಯಾಹ್ನದ ಹೊತ್ತಿಗೆ ಬಿರುಸಾಗುತ್ತದೆ. ಮನೆಯಲ್ಲಿ ಆ ವೇಳೆಗೆ ಊಟ ಸಿದ್ಧವಿರುವುದರಿಂದ ತೊಂದರೆಯಿಲ್ಲ. ನಲ್ಲಮಲದಲ್ಲಿ ಅದೇ ವೇಳೆಗೆ ಯಾತ್ರಿಕನು ಪೆದ್ದಚೆರುವಿನ ಆಚೆಯ ಏರಿನಲ್ಲಿ ಇರಬಹುದು, ದಾಸೋಹದ ಚಪ್ಪರವು ಇನ್ನೂ ಮುಂದಿರಬಹುದು. "ಅಲ್ಲಿ ಹೋಗಿ ಉಂಡರಾಯಿತು" ಎಂದು ಕಾಲೆಳೆಯುವ ಆ ಒಂದು ಗಂಟೆಯೇ ಗಂಡಾಂತರದ್ದು. ಆದುದರಿಂದ ಮಿಶ್ರ ಇನ್ಸುಲಿನ್ನಿನವರು ಹೊತ್ತಿಗೆ ಮುಂಚೆ ಉಣ್ಣಬೇಕು, ಬುತ್ತಿಯನ್ನು ಬಂಡಿಯಲ್ಲಿಡದೆ ತಮ್ಮ ಹೆಗಲಿಗೇ ಹಾಕಿಕೊಳ್ಳಬೇಕು.

ಬುತ್ತಿಯಲ್ಲಿ ಏನಿರಬೇಕು? ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇವು ನಡಿಗೆಯ ನಿಧಾನದ ಇಂಧನಕ್ಕೆ ಉತ್ತಮವಾದವು. ಇವುಗಳ ಸಕ್ಕರೆಯು ಮೆಲ್ಲನೆ ರಕ್ತಕ್ಕೆ ಸೇರುತ್ತದೆ. ಆದರೆ ಸಕ್ಕರೆ ಕುಸಿದಾಗ ಇವುಗಳಲ್ಲಿ ಒಂದೂ ಕೆಲಸಕ್ಕೆ ಬಾರದು. ಶೇಂಗಾ ಉಂಡೆಯಲ್ಲಿ ಬೆಲ್ಲವಿದ್ದರೂ ಎಣ್ಣೆಯಂಶವು ಅದನ್ನು ತಡೆಹಿಡಿಯುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆಯು ಬಾಯಾರಿಕೆಗೆ ಅಮೃತವಾದರೂ ಅದರಲ್ಲಿ ಸಕ್ಕರೆ ಅತ್ಯಲ್ಪ. ಕುಸಿತಕ್ಕೆ ಬೇಕಾದುದು ಗ್ಲೂಕೋಸ್ ಪುಡಿ, ಅದಿಲ್ಲದಿದ್ದರೆ ಮೂರು ಚಹದ ಚಮಚೆ ತುಂಬ ಸಕ್ಕರೆಯನ್ನು ಕದಡಿದ ಅರ್ಧ ಲೋಟ ನೀರು. ಇದು ಸುಮಾರು 15 ಗ್ರಾಂ. ಸಕ್ಕರೆ 70ಕ್ಕಿಂತ ಇಳಿದಾಗ ಇದನ್ನು ಕುಡಿದು, ನಡಿಗೆ ನಿಲ್ಲಿಸಿ ಕುಳಿತು, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಿ, ಏರಿಲ್ಲದಿದ್ದರೆ ಮತ್ತೆ ಅಷ್ಟನ್ನೇ ಕುಡಿಯಬೇಕು. ಏರಿದ ಮೇಲೆ ರೊಟ್ಟಿಯನ್ನೋ ಬಾಳೆಹಣ್ಣನ್ನೋ ತಿಂದು ಮುಂದುವರಿಯಬಹುದು. ಇದಕ್ಕೊಂದು ಅಪವಾದವುಂಟು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆಯನ್ನು ನುಂಗುವವರ ಕರುಳಿನಲ್ಲಿ ಸಕ್ಕರೆ, ಬೆಲ್ಲಗಳು ಒಡೆಯುವುದು ತಡವಾಗುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಆಗಬೇಕು, ಬೆಲ್ಲದ ಅಚ್ಚನ್ನು ನಂಬಿ ಹೊರಡಬಾರದು. ಸ್ಮೃತಿ ತಪ್ಪಿದವನ ಬಾಯಿಗೆ ಏನನ್ನೂ ಸುರಿಯಬಾರದು. ಅದು ಉಸಿರುನಾಳಕ್ಕೆ ಇಳಿಯುತ್ತದೆ. ಅವನನ್ನು ಮಗ್ಗುಲಾಗಿ ಮಲಗಿಸಿ ತಕ್ಷಣವೇ ಚಿಕಿತ್ಸೆಗೆ ಸಾಗಿಸಬೇಕು.

ದಾಸೋಹದ ವಿಷಯದಲ್ಲಿ ಒಂದು ಮಾತು ಹೇಳದೆ ವಿಧಿಯಿಲ್ಲ. ಪಾದಯಾತ್ರಿಕರಿಗೆ ಹೆಜ್ಜೆಹೆಜ್ಜೆಗೆ ಶರಬತ್ತು, ಹುಗ್ಗಿ, ಸಜ್ಜಕಗಳನ್ನು ನೀಡುವ ದಾಸೋಹಿಗಳ ಔದಾರ್ಯವು ದೊಡ್ಡದು. ಸಿಹಿಯನ್ನು ನಿರಾಕರಿಸಿದರೆ ಪ್ರಸಾದವನ್ನು ತಿರಸ್ಕರಿಸಿದಂತಾಗುವುದೆಂಬ ಸಂಕೋಚದಿಂದ ರೋಗಿಯು ಉಣ್ಣುತ್ತಾನೆ. ಗಂಟೆಗಟ್ಟಲೆ ನಡೆಯುತ್ತಿರುವವನಿಗೆ ಸ್ವಲ್ಪ ಸಿಹಿ ಹಾನಿಯಲ್ಲ, ಕೆಲವು ವೇಳೆ ಅವಶ್ಯವೂ ಹೌದು. ಆದರೆ ಅದೇ ಸಿಹಿಯನ್ನು ರಾತ್ರಿ ತಂಗುವ ಮುನ್ನ, ನಡಿಗೆ ಮುಗಿದ ಮೇಲೆ, ಹೊಟ್ಟೆ ತುಂಬ ಉಂಡರೆ ಮರುದಿನದ ಲೆಕ್ಕವೆಲ್ಲ ಕೆಡುತ್ತದೆ. ಚಪ್ಪರದ ಒಂದು ಮೂಲೆಯಲ್ಲಿ ಸಿಹಿಯಿಲ್ಲದ ಮಜ್ಜಿಗೆ, ರೊಟ್ಟಿ, ಕಾಳುಪಲ್ಯಗಳನ್ನು ಬೇರೆಯಾಗಿ ಇಡುವುದು ದಾನಿಗಳಿಗೆ ಭಾರವಾದ ಕೆಲಸವೇನಲ್ಲ. ಬೆಲ್ಲ ಹಚ್ಚಿದ ಬೆರಳಿನಿಂದ ರಕ್ತ ತೆಗೆದರೆ ಯಂತ್ರವು ಸುಳ್ಳು ಅಂಕಿಯನ್ನು ತೋರಿಸುತ್ತದೆಂಬುದನ್ನೂ ನೆನಪಿಡಬೇಕು. ಕೈ ತೊಳೆದು ಒರೆಸಿಕೊಂಡೇ ಪರೀಕ್ಷಿಸಬೇಕು.

ಓಟದ ವಿಷಯದಲ್ಲಿ ಒಂದು ವಿಚಿತ್ರವುಂಟು. ನಿಧಾನದ ದೀರ್ಘ ನಡಿಗೆಯು ಸಕ್ಕರೆಯನ್ನು ಇಳಿಸಿದರೆ, ಮೈಮುರಿಯುವ ಚಿಕ್ಕ ಓಟವು ಅದನ್ನು ಏರಿಸಬಹುದು. ಏಕೆಂದರೆ ಆವೇಗದಲ್ಲಿ ಸ್ರವಿಸುವ ಅಡ್ರಿನಲಿನ್ ಯಕೃತ್ತಿನ ಹಗೇವನ್ನು ಬಲವಾಗಿ ತೆರೆಯುತ್ತದೆ. ಕಡಿದಾದ ಏರನ್ನು ಒಂದೇ ಉಸಿರಿಗೆ ಹತ್ತಿ, ಯಂತ್ರದಲ್ಲಿ ಹೆಚ್ಚಿನ ಅಂಕಿ ಕಂಡು, ಗಾಬರಿಯಿಂದ ಇನ್ಸುಲಿನ್ ಚುಚ್ಚಿಕೊಂಡವನು ಒಂದೆರಡು ತಾಸಿನಲ್ಲಿ ಕುಸಿದುಬಿದ್ದಾನು. ಕಾಲುದಾರಿಯ ಓಟವು ಈ ಎರಡೂ ಬಗೆಯ ಶ್ರಮಗಳ ಮಿಶ್ರಣವಾದುದರಿಂದಲೇ ಸಮತಟ್ಟು ರಸ್ತೆಯ ಓಟಕ್ಕಿಂತ ಇದರ ಲೆಕ್ಕ ಕಠಿನ. ಕಮಲನಗರ, ಭಾಲ್ಕಿ, ಔರಾದ್ ಸೀಮೆಯ ಎರೆಹೊಲಗಳಲ್ಲಿ ಮಳೆಗಾಲದ ಬಂಡಿಜಾಡಿನ ಮೇಲೆ ಓಡಿ ನೋಡಿದವರಿಗೆ ಇದು ಗೊತ್ತು. ಪ್ರತಿ ಹೆಜ್ಜೆಗೂ ಮಣ್ಣು ಮೆತ್ತಿಕೊಂಡು ಕಾಲು ಭಾರವಾಗುತ್ತದೆ, ಅದೇ ದೂರಕ್ಕೆ ಶ್ರಮವು ಎಷ್ಟೋ ಹೆಚ್ಚಾಗುತ್ತದೆ. ಬೇಸಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು ಹೆಜ್ಜೆ ತಪ್ಪಿಸುತ್ತದೆ. ಬೀದರದ ಕೆಂಪು ಮುರಕಲ್ಲಿನ ನೆಲದಲ್ಲಿ ಅಭ್ಯಾಸ ಮಾಡಿದವನ ಲೆಕ್ಕವು ಎರೆಹೊಲಕ್ಕೆ ಹೊಂದದು. ದೂರವನ್ನಲ್ಲ, ಶ್ರಮವನ್ನೂ ಹೊತ್ತನ್ನೂ ಅಳೆಯಬೇಕು.

ಈಗ ಪಾದದ ವಿಚಾರ. ದೀರ್ಘಕಾಲದ ಮಧುಮೇಹವು ನರಗಳನ್ನು ಕುಂದಿಸುತ್ತದೆ, ಪಾದವು ನೋವನ್ನು ಅರಿಯದಂತಾಗುತ್ತದೆ. ನೋವಿಲ್ಲದಿರುವುದು ವರವೆಂದು ತೋರಬಹುದು. ಅದು ಎಂಥ ಶಾಪವೆಂಬುದನ್ನು ತೋರಿಸಿಕೊಟ್ಟವನು ಭಾರತದಲ್ಲಿಯೇ ಹುಟ್ಟಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಡಾ. ಪಾಲ್ ಬ್ರಾಂಡ್. ಕುಷ್ಠರೋಗಿಯ ಬೆರಳುಗಳು ರೋಗದಿಂದ ತಾವಾಗಿಯೇ ಕೊಳೆತು ಬೀಳುವುದಿಲ್ಲ, ನೋವು ತಿಳಿಯದೆ ಆಗುವ ಗಾಯ, ಸುಟ್ಟಗಾಯ, ಒತ್ತಡಗಳಿಂದ ನಾಶವಾಗುತ್ತವೆ ಎಂದು ಅವರು ಕಂಡುಕೊಂಡರು. ಮುಂದೆ ಅಮೆರಿಕದ ಕಾರ್ವಿಲ್ಲಿನಲ್ಲಿ ಅದೇ ಜ್ಞಾನವನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ಮೆಟ್ಟಿನಲ್ಲಿ ಸಿಕ್ಕ ಒಂದು ಹರಳು ಆರೋಗ್ಯವಂತನನ್ನು ಹತ್ತು ಹೆಜ್ಜೆಗೆ ನಿಲ್ಲಿಸುತ್ತದೆ. ನರ ಕುಂದಿದವನು ಅದರ ಮೇಲೆಯೇ ಹತ್ತು ಕಿಲೋಮೀಟರ್ ನಡೆಯುತ್ತಾನೆ. ಯುಗಾದಿಯ ಬಿಸಿಲಿಗೆ ಕಾದ ಬಂಡೆ, ಜಾಲಿಯ ಮುಳ್ಳು, ಡಾಂಬರು ಇವೆಲ್ಲ ಅವನ ಅಂಗಾಲಿಗೆ ಗುರುತು ಮಾತ್ರ ಬಿಡುತ್ತವೆ, ಸುದ್ದಿ ಮುಟ್ಟಿಸುವುದಿಲ್ಲ. ಊರಿಗೆ ಮರಳಿದ ಮೇಲೆ ಕೀವು ಕಂಡಾಗ ಗಾಯವು ಮೂಳೆಯವರೆಗೆ ಹೋಗಿರಬಹುದು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾಗಿ ಬರಬಹುದು. ಸುಶ್ರುತನ ವಿಧಿಯ ಬರಿಗಾಲನ್ನು ಇಂದಿನವರು ಒಪ್ಪದಿರುವುದು ಈ ಕಾರಣದಿಂದ.

ಆದುದರಿಂದ ಹೊರಡುವ ತಿಂಗಳು ಮುಂಚೆಯೇ ವೈದ್ಯರಿಂದ ಪಾದದ ಸ್ಪರ್ಶಜ್ಞಾನವನ್ನು ಪರೀಕ್ಷಿಸಿಕೊಳ್ಳಬೇಕು. 10 ಗ್ರಾಂ ಒತ್ತಡದ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ತಾಕಿಸಿ ನೋಡುವ ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ಸ್ಪರ್ಶವು ಕುಂದಿದ್ದರೆ ಬರಿಗಾಲಿನ ಹರಕೆಯನ್ನು ಬಿಡತಕ್ಕದ್ದು. ಮೃದುವಾದ ಎಂ.ಸಿ.ಆರ್. ರಬ್ಬರಿನ ಮೆಟ್ಟು ಅಥವಾ ಹಳಗಿಸಿದ ಬೂಟು, ಬೆವರು ಹೀರುವ ಕಾಲುಚೀಲ ಬೇಕು. ಹೊಸ ಬೂಟನ್ನು ಯಾತ್ರೆಯ ದಿನ ತೊಡಬಾರದು. ತಂಗುವಲ್ಲಿ ಪ್ರತಿರಾತ್ರಿಯೂ ಕಾಲು ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿಯೋ ಜೊತೆಗಾರನ ಕಣ್ಣಿನಿಂದಲೋ ನೋಡಿಸಬೇಕು. ಗುಳ್ಳೆ ಎದ್ದರೆ ಬೆಂಕಿಯಲ್ಲಿ ಕಾಯಿಸಿದ ಸೂಜಿಯಿಂದ ಚುಚ್ಚುವ, ಸುಣ್ಣ ಹಚ್ಚುವ ಮನೆಮದ್ದುಗಳು ಇಲ್ಲಿ ಬೇಡ. ಕಣ್ಣಿನ ಪಾಪೆಯ ಹಿಂದಿನ ಪರದೆಯಲ್ಲಿ ರಕ್ತನಾಳಗಳು ಕೆಟ್ಟಿರುವವರು, ಎದೆನೋವಿನವರು, ಮೂತ್ರಪಿಂಡ ಕುಂದಿದವರು ವೈದ್ಯರ ಅನುಮತಿಯಿಲ್ಲದೆ ಏರುಗಳಿಗೆ ಹೋಗಲೇಬಾರದು.

ಇನ್ಸುಲಿನ್ನಿಗೂ ಬಿಸಿಲು ಶತ್ರು. ತೆರೆಯದ ಸೀಸೆಯು 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಬಳಕೆಯಲ್ಲಿರುವ ಸೀಸೆಯು 30 ಡಿಗ್ರಿ ಮೀರದಿದ್ದರೆ ಸುಮಾರು ನಾಲ್ಕು ವಾರ ಕೆಡದೆ ಇರುತ್ತದೆ. ಶೀತಕ ಪೆಟ್ಟಿಗೆಯಿಲ್ಲದ ಮನೆಗಳಲ್ಲಿ ನೀರು ತುಂಬಿದ ಮಣ್ಣಿನ ಹರವಿಯೊಳಗೆ ಇನ್ನೊಂದು ಚಿಕ್ಕ ಗಡಿಗೆಯನ್ನಿಟ್ಟು ಅದರಲ್ಲಿ ಸೀಸೆಯನ್ನು ಕಾಪಾಡುವ ಉಪಾಯವು ಬಡವರ ಪಾಲಿಗೆ ನಂಬತಕ್ಕದ್ದಾಗಿದೆ. ದಾರಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಚೀಲವನ್ನು ನೆರಳಿಗೆ ಹಿಡಿದು ನಡೆಯಬಹುದು. ಮಂಜುಗಡ್ಡೆಗೆ ತಾಗಿಸಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ನಿಷ್ಪ್ರಯೋಜಕ.

ಅತ್ಯಂತ ಎಚ್ಚರ ಬೇಕಾದುದು ಹಗಲಿನಲ್ಲಲ್ಲ, ಗುರಿ ಮುಟ್ಟಿದ ರಾತ್ರಿ. ಬರಿದಾದ ಹಗೇವನ್ನು ತುಂಬಿಕೊಳ್ಳಲು ಸ್ನಾಯುಗಳು 24 ಗಂಟೆಗಳವರೆಗೂ ರಕ್ತದಿಂದ ಸಕ್ಕರೆಯನ್ನು ಎಳೆಯುತ್ತಲೇ ಇರುತ್ತವೆ. ದರ್ಶನವಾಯಿತು, ಇನ್ನು ಚಿಂತೆಯಿಲ್ಲ ಎಂದು ವಾಡಿಕೆಯ ಇನ್ಸುಲಿನ್ ಚುಚ್ಚಿಕೊಂಡು, ಬಳಲಿಕೆಯಲ್ಲಿ ಅರ್ಧ ಉಂಡು ಮಲಗಿದವನಿಗೆ ನಡುರಾತ್ರಿಯಲ್ಲಿ ಸಕ್ಕರೆ ಇಳಿದರೆ, ದಣಿದ ನಿದ್ದೆಯು ಎಚ್ಚರಗೊಳ್ಳಗೊಡದು. ಜೊತೆಗಾರರು ಗೊರಕೆಯೆಂದು ಭಾವಿಸುತ್ತಾರೆ. ಮಲಗುವ ಮುನ್ನ ಪರೀಕ್ಷೆ, ಅಗತ್ಯವಿದ್ದರೆ ಒಂದಿಷ್ಟು ಆಹಾರ, ನಡುರಾತ್ರಿಯಲ್ಲಿ ಒಮ್ಮೆ ಎಬ್ಬಿಸಲು ಹೇಳಿಟ್ಟ ಒಬ್ಬ ಜೊತೆಗಾರ, ಇಷ್ಟು ಆ ರಾತ್ರಿಗೆ ಬೇಕು.

ಶಾಲೆಗಳಿಗೂ ಈ ವಿಷಯಕ್ಕೂ ಇರುವ ಸಂಬಂಧವನ್ನು ಶಿಕ್ಷಕ ವಾಚಕರು ಈ ವೇಳೆಗೆ ಊಹಿಸಿರಬಹುದು. ಒಂದನೆಯ ಬಗೆಯ ಮಧುಮೇಹವು ಹೆಚ್ಚಾಗಿ ತೋರುವುದು ಶಾಲೆಯ ವಯಸ್ಸಿನಲ್ಲಿಯೇ. ಅಂಥ ಬಾಲಕನನ್ನು ಆಟದ ಬಯಲಿನ ಅಂಚಿನಲ್ಲಿ ಕೂರಿಸಿ ಉಳಿದವರ ಅಂಗಿಗಳನ್ನು ಕಾಯಲು ಹೇಳುವುದು ಅನೇಕ ಕಡೆ ನಡೆದುಬಂದ ಪದ್ಧತಿ. ಅದರ ಹಿಂದಿರುವುದು ಕ್ರೌರ್ಯವಲ್ಲ, ಭಯ. ಆ ಹುಡುಗನೂ ಓಡಬಲ್ಲನು. ಆಟದ ಅವಧಿಗೆ ಮುನ್ನ ಸಕ್ಕರೆಯನ್ನು ಪರೀಕ್ಷಿಸಲು ಅವನಿಗೆ ಒಂದು ಮೂಲೆ, ಮಧ್ಯಾಹ್ನದ ಇನ್ಸುಲಿನ್ನಿಗೆ ಸಂಕೋಚವಿಲ್ಲದ ಒಂದು ಕೋಣೆ, ಪಾಠದ ನಡುವೆಯೂ ತಿನ್ನಲು, ನೀರು ಕುಡಿಯಲು, ಮೂತ್ರಕ್ಕೆ ಹೋಗಲು ಅನುಮತಿ ಬೇಕು. ಕೆಲವು ವೇಳೆ ಶಾಂತನಾದ ಹುಡುಗನು ಅಕಾರಣವಾಗಿ ಸಿಡುಕಿದರೆ, ಲೆಕ್ಕದಲ್ಲಿ ತಪ್ಪತೊಡಗಿದರೆ, ಓಟದಲ್ಲಿ ಅಡ್ಡಾದಿಡ್ಡಿ ಹೆಜ್ಜೆ ಇಟ್ಟರೆ, ಅದು ಅಶಿಸ್ತಲ್ಲ, ಸಕ್ಕರೆಯ ಇಳಿತವಿರಬಹುದೆಂದು ಶಿಕ್ಷಕನಿಗೆ ಮೊದಲು ಹೊಳೆಯಬೇಕು. ಅಂಥವನನ್ನು ಒಬ್ಬನನ್ನೇ ಕಚೇರಿಗೆ ಕಳುಹಿಸಬಾರದು, ದಾರಿಯಲ್ಲಿಯೇ ಬಿದ್ದಾನು. ಅಲ್ಲಿಯೇ ಕೂರಿಸಿ ಗ್ಲೂಕೋಸ್ ಕೊಡಬೇಕು. ಸಂದೇಹವಿದ್ದು ಯಂತ್ರವು ಕೈಗೆ ಸಿಗದಿದ್ದರೂ, ಸ್ಮೃತಿಯಿದ್ದು ನುಂಗಬಲ್ಲನಾದರೆ, ಕೊಡುವುದೇ ಸರಿ. ಸ್ವಲ್ಪ ಹೊತ್ತು ಸಕ್ಕರೆ ಏರಿದ್ದರಿಂದ ಆಗುವ ಕೇಡು ಅಲ್ಪ, ಇಳಿದದ್ದನ್ನು ಅಲಕ್ಷಿಸಿದರೆ ಆಗುವ ಕೇಡು ಅಪಾರ.

ಬೆಲೆಯ ಲೆಕ್ಕದಲ್ಲಿ ನೋಡಿದರೆ ರಕ್ತ ಪರೀಕ್ಷೆಯ ಯಂತ್ರವು ಅಗ್ಗ, ಅದಕ್ಕೆ ನಿತ್ಯ ಬೇಕಾಗುವ ಪಟ್ಟಿಗಳು ದುಬಾರಿ. ತೋಳಿಗೆ ಅಂಟಿಸಿ ದಿನವಿಡೀ ಸಕ್ಕರೆಯನ್ನು ತೋರಿಸುವ ಹೊಸ ಸಾಧನಗಳು ಇನ್ನೂ ಹಲವರ ಕೈಗೆ ಎಟುಕದವು. ಯಂತ್ರವನ್ನು ಕೊಡಿಸುವವರು ಅನೇಕರಿದ್ದಾರೆ. ಒಂದು ಮಗುವಿಗೆ ವರ್ಷವಿಡೀ ಪಟ್ಟಿ, ಸೂಜಿ, ಇನ್ಸುಲಿನ್ನುಗಳನ್ನು ವಹಿಸಿಕೊಳ್ಳುವವರು ವಿರಳ. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ದೈಹಿಕ ಶಿಕ್ಷಕರ ಚೀಲದಲ್ಲಿ ಸೀಟಿ, ಗಡಿಯಾರ, ಅಯೊಡಿನ್‌ಗಳ ಜೊತೆಗೆ ಒಂದು ಗ್ಲೂಕೋಸ್ ಪೊಟ್ಟಣ, ಆ ಮಗುವಿನ ಇನ್ಸುಲಿನ್ನಿನ ಹೆಸರು, ಪ್ರಮಾಣ, ವೇಳೆ ಮತ್ತು ಮನೆಯವರ ದೂರವಾಣಿ ಸಂಖ್ಯೆಗಳನ್ನು ಬರೆದ ಚೀಟಿ ಇರಬೇಕು. ಚೀಟಿಯು ಕನ್ನಡದಲ್ಲಿದ್ದರೆ ಸಾಲದು. ಉದಗೀರದ ಆಸ್ಪತ್ರೆಯೇ ಹತ್ತಿರವಾದೀತು ಎಂಬ ಕಾರಣಕ್ಕಾಗಿ ಅದರ ಬೆನ್ನಿಗೆ ಮರಾಠಿಯಲ್ಲಿಯೂ ಬರೆದಿರುವುದು ಈ ಸೀಮೆಗೆ ತಕ್ಕದ್ದು.